ರಿಪೇರಿ ಆದ ಮೇಲೆ ವೆದರ್ ಸೀಲ್ ಕ್ಯಾಮೆರಾ ಒಳಗೆ ನೀರು: ಯಾರು ಹೊಣೆ, ಈಗ ಏನು ಮಾಡಬೇಕು?

ಕೆರೆದಂಡೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನದು ವೆದರ್ ಸೀಲ್ (ಮಳೆ, ಧೂಳು ಒಳಗೆ ಹೋಗದಂತೆ ತಡೆಯುವ ರಬ್ಬರ್, ಪಟ್ಟಿಗಳು) ಇರುವ ಮಿರರ್‌ಲೆಸ್ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ. ಕಂಪನಿ ವಾರಂಟಿ ಮುಗಿದು ಹೋಗಿದೆ. ಹಿಂದಿನ ಸ್ಕ್ರೀನ್ ಒಡೆದಿತ್ತು, ಹೆಬ್ಬೆರಳಿನ ಡಯಲ್ ಕೂಡ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಬೇಸಿಗೆಯಲ್ಲಿ ಎರಡನ್ನೂ ಬದಲಿಸಿಕೊಂಡೆ. ಎಲ್ಲಿ ಅಂತ ಇಲ್ಲಿ ಹೆಸರು ಹಾಕುವುದಿಲ್ಲ, ಕೇಳಬೇಡಿ. ಕ್ಯಾಮೆರಾ ವಾಪಸ್ ಬಂದಾಗ ಸ್ಕ್ರೀನ್ ಚೆನ್ನಾಗಿತ್ತು, ಡಯಲ್ ಚೆನ್ನಾಗಿತ್ತು, ದುಡ್ಡು ಕೊಟ್ಟು ಬಂದೆ.

ರಿಪೇರಿಗೆ ಮುಂಚೆ ಇದೇ ಕ್ಯಾಮೆರಾ ಜಂಬೂಸವಾರಿ ದಿನ ಮಳೆಯಲ್ಲಿ ನೆನೆದಿದೆ, ರಂಗನತಿಟ್ಟಿನ ದೋಣಿಯಲ್ಲಿ ನೀರು ಎರಚಿಸಿಕೊಂಡಿದೆ, ಯಾವತ್ತೂ ತೊಂದರೆ ಕೊಟ್ಟಿರಲಿಲ್ಲ. ರಿಪೇರಿ ಆದ ಮೇಲೆ ಬಂದ ಮೊದಲ ಮಳೆಗೇ ಹೋಯಿತು. ಕಾವೇರಿಗೆ ನೀರು ಜಾಸ್ತಿ ಬಿಟ್ಟಿದ್ದಾರೆ ಅಂತ ಗಗನಚುಕ್ಕಿ ನೋಡಲು ಹೋಗಿದ್ದೆವು. ಮಳವಳ್ಳಿ ಕಡೆಯ ವೀಕ್ಷಣೆ ಜಾಗದಿಂದಲೇ ತೆಗೆದದ್ದು, ನೀರಿನ ಹತ್ತಿರ ಇಳಿಯಲೇ ಇಲ್ಲ. ಸೋನೆ ಮಳೆ, ಜೊತೆಗೆ ಜಲಪಾತದ ತುಂತುರು, ಅಷ್ಟೇ. ಲೆನ್ಸ್ ಕೂಡ ಸೀಲ್ ಇರುವುದೇ, ಎಲ್ಲ ಮುಚ್ಚಳಗಳೂ ಮುಚ್ಚಿದ್ದವು. ಸ್ವಲ್ಪ ಹೊತ್ತಿಗೆ ಹಿಂದಿನ ಸ್ಕ್ರೀನ್ ಒಳಗೆ ಮಂಜು ಕಟ್ಟಿತು. ಆಮೇಲೆ ಹೆಬ್ಬೆರಳಿನ ಡಯಲ್‌ನಲ್ಲಿ ಬದಲಿಸುವ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಯಾರೂ ಮುಟ್ಟದೇ ಮೇಲೆ ಕೆಳಗೆ ಜಿಗಿಯತೊಡಗಿತು, ಕಾರ್ಡ್ ಎರರ್ ಬಂತು. ಆಫ್ ಮಾಡಿ ಬ್ಯಾಟರಿ ತೆಗೆದುಬಿಟ್ಟೆ.

ರಿಪೇರಿ ಮಾಡಿದವರ ಹತ್ತಿರವೇ ತೆಗೆದುಕೊಂಡು ಹೋದೆ. ಬಿಚ್ಚಿ ನೋಡಿ, ಒಳಗೆ ನೀರು ಹೋಗಿದೆ, ಮುಖ್ಯ ಬೋರ್ಡ್ ಬದಲಿಸಬೇಕು, ನಾವು ಹಾಕಿದ ಸ್ಕ್ರೀನ್‌ಗೆ ಮಾತ್ರ ವಾರಂಟಿ, ನೀರಿನಿಂದ ಆದದ್ದಕ್ಕೆ ಇಲ್ಲ ಅಂದರು. ಅವರು ಹೇಳಿದ ಮೊತ್ತ ಇದೇ ಬಾಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಬೆಲೆಯ ಹತ್ತಿರ ಇದೆ. ಸೀಲ್ ಸರಿಯಾಗಿ ಕೂರಿಸಿರಲಿಲ್ಲವೇ ಅಂತ ಕೇಳಿದರೆ, ವೆದರ್ ಸೀಲ್ ಕ್ಯಾಮೆರಾಗೂ ನೀರು ಹೋಗುತ್ತೆ ಸಾರ್ ಅಂತ ಒಂದೇ ಮಾತು.

ಇದನ್ನು ಒಪ್ಪಿಕೊಳ್ಳುವುದು ನನಗೆ ಆಗುತ್ತಿಲ್ಲ. ಬಿಚ್ಚಿದ ಜಾಗದಿಂದಲೇ ನೀರು ಹೋಗಿದೆ ಅಂತ ತೋರಿಸಲು ದಾರಿ ಇದೆಯಾ? ಮತ್ತೆ ಈ ಬಾಡಿಯನ್ನು ಉಳಿಸಬಹುದಾ?

---

ನೇರಮಾತು, ಮೈಸೂರು

ನಿಮಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ. ವೆದರ್ ಸೀಲ್ ಅಂದರೆ ವಾಟರ್‌ಪ್ರೂಫ್ ಅಲ್ಲ. ಹೆಚ್ಚಿನ ಕಂಪನಿಗಳು ಧೂಳು, ತೇವ ತಡೆಯುತ್ತದೆ ಅಂತ ಮಾತ್ರ ಬರೆಯುತ್ತವೆ, ಎಷ್ಟು ನೀರು, ಎಷ್ಟು ಹೊತ್ತು ಅಂತ ಬರೆಯುವುದಿಲ್ಲ. ಐಪಿ ನಂಬರ್ (ಧೂಳು, ನೀರು ಎಷ್ಟು ತಡೆಯುತ್ತದೆ ಅಂತ ಪರೀಕ್ಷೆ ಮಾಡಿ ಕೊಡುವ ದರ್ಜೆ) ಕೊಡುವವರು ತೀರಾ ಕಡಿಮೆ. 2022ರಲ್ಲಿ ಬಂದ ಓಎಂ-1 ಕ್ಯಾಮೆರಾಗೆ ಐಪಿ53 ಇದೆ. ಅದರಲ್ಲಿ ಎರಡನೇ ಅಂಕಿ 3 ಇದೆಯಲ್ಲ, ಅದೇ ನೀರಿನದ್ದು. ನೇರ ಮೇಲಿನಿಂದ ಶುರುವಾಗಿ 60 ಡಿಗ್ರಿ ಓರೆಯವರೆಗೆ ಬೀಳುವ ಸಿಂಪರಣೆಯನ್ನು ತಡೆಯಬೇಕು ಅಂತ ಅರ್ಥ. ಗಗನಚುಕ್ಕಿಯಲ್ಲಿ ತುಂತುರು ಗಾಳಿಗೆ ಸಿಕ್ಕಿ ಕೆಳಗಿನಿಂದ ಮೇಲಕ್ಕೂ ಬರುತ್ತೆ, ಅಲ್ವಾ? ಐಪಿ ನಂಬರ್ ಇರುವ ಕ್ಯಾಮೆರಾಗೂ ಆ ಪರೀಕ್ಷೆಯಲ್ಲಿ ಇಲ್ಲದ ಪರಿಸ್ಥಿತಿ ಅದು. ನಿಮ್ಮದಕ್ಕೆ ನಂಬರೇ ಇಲ್ಲ ಅಂದಮೇಲೆ ರಿಪೇರಿಯವರ ಮೇಲೆ ಹಾಕುವುದು ಕಷ್ಟ.

---

ಬೆಸುಗೆ ಕಡ್ಡಿ, ಮೈಸೂರು

ನಾನು ಬೋರ್ಡ್ ರಿಪೇರಿ ಮಾಡುವವನು. ಫೋನ್, ಲ್ಯಾಪ್‌ಟಾಪ್ ಜಾಸ್ತಿ, ಕ್ಯಾಮೆರಾನೂ ಬರುತ್ತವೆ. ನೇರಮಾತು ಅವರು ಹೇಳಿದ್ದು ನಿಜ, ಆದರೆ ಅದು ಇಲ್ಲಿನ ಪ್ರಶ್ನೆಗೆ ಉತ್ತರ ಅಲ್ಲ. ಕಾರ್ಖಾನೆಯಿಂದ ಬಂದ ಹಾಗೇ ಇದ್ದ ಕ್ಯಾಮೆರಾ ಮಳೆ ತಡೆದಿತ್ತು. ಬಿಚ್ಚಿ ಮುಚ್ಚಿದ ಮೇಲೆ ತಡೆಯಲಿಲ್ಲ. ನಡುವೆ ಏನಾಯಿತು ಅನ್ನುವುದೇ ಪ್ರಶ್ನೆ.

ಬಾಡಿಯೊಳಗೆ ಸೀಲ್ ಅಂದರೆ ಒಂದೇ ವಸ್ತು ಅಲ್ಲ. ಬ್ಯಾಟರಿ ಬಾಗಿಲು, ಕಾರ್ಡ್ ಬಾಗಿಲಿಗೆ ರಬ್ಬರ್ ಅಂಚು ಇರುತ್ತೆ. ಡಯಲ್ ಕಡ್ಡಿಗೆ, ಬಟನ್‌ಗಳಿಗೆ ಸಣ್ಣ ಉಂಗುರ ಅಥವಾ ರಬ್ಬರ್ ಹಾಳೆ. ಮೇಲಿನ ಕವರ್, ಹಿಂದಿನ ಕವರ್ ಕೂಡುವ ಗೆರೆಯಲ್ಲಿ ತೆಳುವಾದ ಫೋಮ್ ಪಟ್ಟಿ ಅಥವಾ ಅಂಟಿನ ಟೇಪ್. ಕೆಲವು ಕಡೆ ಮುಚ್ಚಳ ಒಂದರ ಮೇಲೊಂದು ಕೂರುವ ತೋಡು ಮಾತ್ರ. ಫೋಮ್ ಪಟ್ಟಿ ಒಂದು ಸಲ ಅಮುಕಿ ಕೂತರೆ ಆ ಆಕಾರಕ್ಕೇ ಹೊಂದಿಕೊಂಡು ಬಿಡುತ್ತೆ. ಬಿಚ್ಚಿದಾಗ ಅರ್ಧ ಈ ಕಡೆ ಅರ್ಧ ಆ ಕಡೆ ಹರಿಯುತ್ತೆ. ಅಂಟಿನ ಟೇಪಂತೂ ಎರಡನೇ ಸಲಕ್ಕೆ ಬರುವುದೇ ಇಲ್ಲ. ಹಳೇ ಕುಕ್ಕರ್ ಗ್ಯಾಸ್ಕೆಟ್ ಹಾಕಿದರೆ ಸೀಟಿ ಬರಲ್ಲ, ಪಕ್ಕದಲ್ಲಿ ಉಗಿ ಹೋಗುತ್ತೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು, ಇದೂ ಅದೇ. ಆದರೆ ಇಲ್ಲಿ ಉಗಿ ಕಾಣುವುದಿಲ್ಲ. ಕ್ಯಾಮೆರಾ ಚೆನ್ನಾಗಿಯೇ ಓಡುತ್ತಿರುತ್ತೆ, ಮಳೆ ಬರುವವರೆಗೆ ಯಾರಿಗೂ ಗೊತ್ತಾಗಲ್ಲ.

ಇನ್ನೊಂದು ಜಾಗ ಇದೆ, ಜನ ಗಮನಿಸುವುದೇ ಇಲ್ಲ. ಗ್ರಿಪ್ ರಬ್ಬರ್. ಅದರ ಕೆಳಗೆ ಸ್ಕ್ರೂಗಳು ಇರುತ್ತವೆ. ಬಿಚ್ಚುವಾಗ ರಬ್ಬರ್ ಕಿತ್ತು, ಮುಚ್ಚುವಾಗ ಸಿಕ್ಕಿದ ಡಬಲ್ ಟೇಪ್ ಹಾಕಿ ಅಂಟಿಸುತ್ತಾರೆ. ಸ್ವಲ್ಪ ದಿನಕ್ಕೆ ಮೂಲೆ ಎದ್ದು ನಿಲ್ಲುತ್ತೆ, ಸ್ಕ್ರೂ ತೂತಿನಿಂದ ನೀರು ನೇರ ಒಳಗೆ.

ನಿಮ್ಮ ಕೇಸ್‌ನಲ್ಲಿ ಸ್ಕ್ರೀನ್ ಮತ್ತು ಡಯಲ್ ಬದಲಾಗಿದೆ ಅಂದರೆ ಹಿಂದಿನ ಕವರ್ ಪೂರ್ತಿ ಬಿಚ್ಚಿದ್ದಾರೆ. ಮಂಜು ಕಟ್ಟಿದ್ದು ಅದೇ ಸ್ಕ್ರೀನ್‌ನಲ್ಲಿ, ಹುಚ್ಚು ಹಿಡಿದದ್ದು ಅದೇ ಡಯಲ್. ನೀರು ಲೆನ್ಸ್ ಮೌಂಟ್ (ಲೆನ್ಸ್ ಕೂರಿಸುವ ಬಾಯಿ) ಕಡೆಯಿಂದಲೋ ಬ್ಯಾಟರಿ ಬಾಗಿಲಿನಿಂದಲೋ ಹೋಗಿದ್ದರೆ ಮೊದಲ ತೊಂದರೆ ಬೇರೆ ಕಡೆ ಕಾಣಬೇಕಿತ್ತು. ಇದೇ ಪೂರ್ತಿ ಪುರಾವೆ ಅಂತ ಹೇಳಲ್ಲ, ಆದರೆ ಅನುಮಾನ ಎಲ್ಲಿ ಶುರುವಾಗಬೇಕೋ ಅಲ್ಲೇ ಶುರುವಾಗಿದೆ.

ಈಗ ಮಾಡಬೇಕಾದದ್ದು: ಅವರ ಹತ್ತಿರ ಬಿಡಬೇಡಿ, ವಾಪಸ್ ತನ್ನಿ. ಆನ್ ಮಾಡಿ ನೋಡೋಣ ಅನ್ನುವ ಆಸೆ ಬೇಡ. ನೀರು ಇರುವ ಬೋರ್ಡ್‌ನಲ್ಲಿ ಕರೆಂಟ್ ಹರಿದರೆ ತಾಮ್ರ ಕರಗಿ ಒಂದು ಪಿನ್‌ನಿಂದ ಇನ್ನೊಂದಕ್ಕೆ ಬೆಳೆಯುತ್ತಾ ಹೋಗುತ್ತೆ, ಹಸಿರು ನೀಲಿ ಪುಡಿ ಕೂರುತ್ತೆ. ಬ್ಯಾಟರಿ ತೆಗೆದಿದ್ದರೂ ಗಡಿಯಾರ ಓಡಿಸಲು ಒಳಗೆ ಒಂದು ಸಣ್ಣ ಸೆಲ್ ಇರುತ್ತೆ, ಅದರ ಸುತ್ತ ತುಕ್ಕು ಮುಂದುವರಿಯುತ್ತಲೇ ಇರುತ್ತೆ. ಹಾಗಾಗಿ ಒಣಗಿತು ಅಂತ ಬಿಡುವಂತಿಲ್ಲ, ತೊಳೆಯಬೇಕು. ನೀರು ಆರಿದರೂ ಅದರಲ್ಲಿದ್ದ ಉಪ್ಪು ಖನಿಜ ಅಲ್ಲೇ ಉಳಿಯುತ್ತೆ, ಗಾಳಿಯ ತೇವ ಸಿಕ್ಕರೆ ಮತ್ತೆ ಕೆಲಸ ಶುರು.

---

ಮದ್ದೂರು ಫ್ರೇಮ್, ಮಂಡ್ಯ

ಅಣ್ಣ, ಅಕ್ಕಿ ಡಬ್ಬದಲ್ಲಿ ಇಟ್ಟರೆ ಆಗಲ್ವಾ? ನಮ್ಮ ಮದುವೆ ಫೋಟೋಗ್ರಾಫರ್‌ಗಳ ಗುಂಪಿನಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ.

---

ಬೆಸುಗೆ ಕಡ್ಡಿ, ಮೈಸೂರು

ಆಗಲ್ಲ. ಮುಚ್ಚಿದ ಬಾಡಿಯೊಳಗಿನ ನೀರನ್ನು ಹೊರಗಿನ ಅಕ್ಕಿ ಎಳೆದುಕೊಳ್ಳುವುದಿಲ್ಲ. ಅದರ ಹಿಟ್ಟು ಧೂಳು ಪೋರ್ಟ್‌ಗಳಿಗೆ, ಮೌಂಟ್‌ಗೆ ಹೋಗಿ ಅಂಟಿಕೊಳ್ಳುತ್ತೆ. ಬ್ಯಾಟರಿ, ಕಾರ್ಡ್, ಲೆನ್ಸ್ ತೆಗೆದು, ಎಲ್ಲ ಬಾಗಿಲು ತೆರೆದು, ಮೌಂಟ್ ಕೆಳಗೆ ಮುಖ ಮಾಡಿ ಫ್ಯಾನ್ ಗಾಳಿಗೆ ಇಡಿ. ಹೇರ್ ಡ್ರೈಯರ್ ಬೇಡ, ಬಿಸಿಲೂ ಬೇಡ. ಬಿಸಿಗೆ ಆವಿ ಇನ್ನೂ ಒಳಗೆ ಹೋಗಿ ಸೆನ್ಸರ್ ಗಾಜಿನ ಮೇಲೆ, ವ್ಯೂಫೈಂಡರ್‌ನಲ್ಲಿ ಕೂರುತ್ತೆ, ಅಂಟುಗಳೂ ಮೆತ್ತಗಾಗುತ್ತವೆ. ಇದೆಲ್ಲ ಅಂಗಡಿಗೆ ತಲುಪುವವರೆಗೆ ಮಾತ್ರ. ಎಷ್ಟು ಬೇಗ ಬಿಚ್ಚಿ ತೊಳೆಯುತ್ತೀರೋ ಅಷ್ಟು ಬೋರ್ಡ್ ಉಳಿಯುತ್ತೆ.

ಮನೆಯಲ್ಲಿ ಬಿಚ್ಚಬೇಡಿ ಅಂತಲೂ ಹೇಳಿಬಿಡುತ್ತೇನೆ. ಒಳಗೇ ಫ್ಲ್ಯಾಶ್ ಇರುವ ಕ್ಯಾಮೆರಾಗಳಲ್ಲಿ ಅದರ ಕೆಪ್ಯಾಸಿಟರ್ 300 ವೋಲ್ಟ್ ಆಸುಪಾಸು ಹಿಡಿದಿಟ್ಟುಕೊಂಡಿರುತ್ತೆ, ಬ್ಯಾಟರಿ ತೆಗೆದ ಮೇಲೂ. ಕೈ ತಗುಲಿದರೆ ಜೋರಾಗಿ ಹೊಡೆಯುತ್ತೆ.

---

ಕರಿಕೋಟು, ಮೈಸೂರು

ಕೆರೆದಂಡೆ ಅವರೇ, ಬಿಲ್ ಮತ್ತು ಜಾಬ್ ಕಾರ್ಡ್ ಇದೆಯಾ? ಅದರಲ್ಲಿ ಏನೇನು ಬರೆದಿದ್ದಾರೆ?

ನೀರಿಗೆ ವಾರಂಟಿ ಇಲ್ಲ ಅನ್ನುವುದು ಒಂದು ವಿಷಯ, ಮಾಡಿದ ಕೆಲಸ ಸರಿಯಿರಲಿಲ್ಲ ಅನ್ನುವುದು ಇನ್ನೊಂದು. ಇವೆರಡನ್ನೂ ಒಂದೇ ಮಾಡಿ ಮಾತಾಡುತ್ತಾರೆ, ಅದಕ್ಕೆ ಒಪ್ಪಬೇಡಿ. ನೀವು ಕೇಳುತ್ತಿರುವುದು ವಾರಂಟಿ ಅಲ್ಲ. ದುಡ್ಡು ತೆಗೆದುಕೊಂಡು ಮಾಡಿದ ಸೇವೆಯಲ್ಲಿ ಕೊರತೆ ಇತ್ತು ಅನ್ನುತ್ತಿದ್ದೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವಾ ನ್ಯೂನತೆ ಅಂತ ಇರುವುದು ಇದಕ್ಕೇ. ರಿಪೇರಿ ಬೆಂಗಳೂರಿನಲ್ಲಿ ಆಗಿದ್ದರೂ ನೀವು ವಾಸ ಮಾಡುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಹಳೇ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಮೈಸೂರಿನಲ್ಲೂ ಮಂಡ್ಯದಲ್ಲೂ ಜಿಲ್ಲಾ ಆಯೋಗ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ತೊಂದರೆ ಆದ ದಿನದಿಂದ 2 ವರ್ಷದೊಳಗೆ ದೂರು ಹಾಕಬೇಕು. ವಕೀಲರಿಲ್ಲದೆ ನೀವೇ ವಾದ ಮಾಡಬಹುದು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಎಷ್ಟೋ ಸಲ ಅಲ್ಲೇ ಮಾತುಕತೆಯಾಗಿ ಮುಗಿಯುತ್ತೆ.

ಆದರೆ ಎಲ್ಲದಕ್ಕೂ ಪುರಾವೆ ಬೇಕು. ಒಳಗಿನ ಫೋಟೋ ಬೇಕು, ಬೇರೆ ತಂತ್ರಜ್ಞರು ಬರೆದುಕೊಟ್ಟ ಅಭಿಪ್ರಾಯ ಬೇಕು. ಬಾಯಿಮಾತು ಬೇಡ, ಎಲ್ಲವನ್ನೂ ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ ಬರೆದು ಕೇಳಿ.

---

ಕೆರೆದಂಡೆ, ಮೈಸೂರು

ಬಿಲ್ ಇದೆ. ಸ್ಕ್ರೀನ್ ಅಸೆಂಬ್ಲಿ, ಡಯಲ್ ಯೂನಿಟ್, ಲೇಬರ್ ಚಾರ್ಜ್. ಈ ಮೂರೇ ಸಾಲು. ಸೀಲ್, ಗ್ಯಾಸ್ಕೆಟ್, ಟೇಪ್ ಅನ್ನುವ ಪದವೇ ಇಲ್ಲ.

---

ಬೆಸುಗೆ ಕಡ್ಡಿ, ಮೈಸೂರು

ಇದು ಮುಖ್ಯ. ಆ ಸೀಲ್ ಪಟ್ಟಿಗಳಿಗೆ ಕಂಪನಿಯ ಪಾರ್ಟ್ ಲಿಸ್ಟ್‌ನಲ್ಲಿ ಬೇರೆ ನಂಬರ್ ಇರುತ್ತೆ, ದುಬಾರಿ ವಸ್ತುವೇನಲ್ಲ. ಹೊಸದು ಹಾಕಿದ್ದರೆ ಬಿಲ್‌ನಲ್ಲಿ ಬರಬೇಕು, ಇಲ್ಲವೇ ಸ್ಕ್ರೀನ್ ಜೊತೆ ಕಿಟ್‌ನಲ್ಲಿ ಬಂದಿತ್ತು ಅಂತ ಅವರು ತೋರಿಸಬೇಕು. ಕೇಳಿ.

ಇನ್ನು ಬಿಚ್ಚುವವರಿಗೆ ಮೊದಲೇ ಹೇಳಿ: ಪ್ರತಿ ಹಂತಕ್ಕೂ ಫೋಟೋ, ತೊಳೆಯುವ ಮುಂಚೆ ಫೋಟೋ. ತೊಳೆದರೆ ಪುರಾವೆಯೂ ತೊಳೆದು ಹೋಗುತ್ತೆ. ತುಕ್ಕು ಎಲ್ಲಿ ದಟ್ಟವಾಗಿದೆ, ಅಲ್ಲಿಂದ ಯಾವ ಕಡೆಗೆ ತೆಳುವಾಗುತ್ತಾ ಹೋಗಿದೆ ಅನ್ನುವುದೇ ನೀರು ಬಂದ ದಾರಿ. ಪಟ್ಟಿ ಮಡಚಿ ಸಿಕ್ಕಿಕೊಂಡಿದ್ದರೆ, ಹರಿದಿದ್ದರೆ, ಇಲ್ಲವೇ ಇಲ್ಲದಿದ್ದರೆ ಅದನ್ನು ಹತ್ತಿರದಿಂದ ತೆಗೆಯಲಿ. ಸ್ಕ್ರೂ ಎಲ್ಲಾದರೂ ಕಾಣೆಯಾಗಿದೆಯಾ ನೋಡಲಿ. ಒಂದು ಸ್ಕ್ರೂ ಸಡಿಲ ಇದ್ದರೆ ಆ ಮೂಲೆಯಲ್ಲಿ ಕವರ್ ಅಮುಕುವುದಿಲ್ಲ, ಹೊಸ ಪಟ್ಟಿ ಇದ್ದರೂ ಪ್ರಯೋಜನ ಇಲ್ಲ.

ಬೋರ್ಡ್ ತೊಳೆಯಲು 99% ಐಸೋಪ್ರೊಪೈಲ್ ಆಲ್ಕೋಹಾಲ್, ಮೆತ್ತನೆ ಬ್ರಷ್. ಅಲ್ಟ್ರಾಸಾನಿಕ್ ತೊಟ್ಟಿಗೆ (ಶಬ್ದದ ಅಲೆಯಿಂದ ಕೊಳೆ ಬಿಡಿಸುವ ತೊಟ್ಟಿ) ಹಾಕುತ್ತೇನೆ ಅಂದರೆ ಬರೀ ಬೋರ್ಡ್ ಮಾತ್ರ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಕೈ ಅಲುಗಾಟ ಸರಿದೂಗಿಸುವ ಸೆನ್ಸರ್ ಸ್ಟೆಬಿಲೈಸೇಷನ್ ಯೂನಿಟ್ ಅದರೊಳಗೆ ಹೋಗಬಾರದು. ಬೋರ್ಡ್ ಪೂರ್ತಿ ಬದಲಿಸಬೇಕು ಅಂದದ್ದೆಲ್ಲ ನಿಜ ಇರಬೇಕಾಗಿಲ್ಲ. ಎಷ್ಟೋ ಸಲ ತುಕ್ಕು ಹಿಡಿದಿರುವುದು ರಿಬ್ಬನ್ ಕೇಬಲ್ ಕನೆಕ್ಟರ್ ಮಾತ್ರ.

---

ಬೆಳ್ಳಕ್ಕಿ, ಶ್ರೀರಂಗಪಟ್ಟಣ

ನೇರಮಾತು ಅವರಿಗೆ ಒಂದು ಮಾತು. ನಾವು ಹಕ್ಕಿ ಹಿಂದೆ ಹೋಗುವವರು ಮಳೆಗಾಲ ಬಿಟ್ಟು ಇರಲಾಗುವುದಿಲ್ಲ. ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ, ಆಗ ದಡದಲ್ಲಿ ನಿಂತೇ ತೆಗೆಯಬೇಕು, ತೇವ ಇದ್ದೇ ಇರುತ್ತೆ. ಸೀಲ್‌ಗೆ ಅಂತಲೇ ಜಾಸ್ತಿ ದುಡ್ಡು ಕೊಟ್ಟಿರುತ್ತೇವೆ. ಅದನ್ನು ರಿಪೇರಿ ಮಾಡುವವರು ತೆಗೆದು ಹಾಕಿದರೆ ನಮಗೆ ಹೇಳಬೇಕಾದದ್ದು ಅವರ ಕೆಲಸ. ಈ ಪಟ್ಟಿ ನಮ್ಮ ಹತ್ತಿರ ಇಲ್ಲ, ಇನ್ನು ಮುಂದೆ ಮಳೆಗೆ ಒಡ್ಡಬೇಡಿ ಅಂತ ಒಂದು ಮಾತು ಬಿಲ್ ಮೇಲೆ ಬರೆದಿದ್ದರೆ ಕೆರೆದಂಡೆ ಅವರು ಗಗನಚುಕ್ಕಿಯಲ್ಲಿ ಕವರ್ ಹಾಕುತ್ತಿದ್ದರು.

ಸ್ಕ್ರೀನ್‌ನಲ್ಲಿ ಮಂಜು ಕಟ್ಟಿದರೆ ಅದು ಸೋರಿಕೆಯೇ ಅಂತ ಅಲ್ಲ, ಎಸಿ ಕಾರಿನಿಂದ ತಣ್ಣಗಿರುವ ಕ್ಯಾಮೆರಾವನ್ನು ನದಿ ದಡದ ತೇವಕ್ಕೆ ಇಳಿಸಿದರೂ ಕಟ್ಟುತ್ತೆ. ಆದರೆ ಅದು ಸ್ವಲ್ಪ ಹೊತ್ತಿಗೆ ಹೋಗುತ್ತೆ, ಡಯಲ್ ಕೆಡಿಸಲ್ಲ. ಎದುರಿನವರು ಈ ವಾದ ಎತ್ತಬಹುದು, ತಯಾರಾಗಿರಿ.

---

ನೇರಮಾತು, ಮೈಸೂರು

ಬೆಳ್ಳಕ್ಕಿ ಅವರು ಹೇಳಿದ್ದು ಸರಿ ಅನಿಸುತ್ತೆ. ಮೊದಲೇ ತಿಳಿಸಬೇಕಿತ್ತು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಎಲ್ಲ ಸಣ್ಣ ಅಂಗಡಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅಧಿಕೃತ ಸರ್ವಿಸ್ ಸೆಂಟರ್ ಬೇಡ ಅಂದ ಹಳೇ ಲೆನ್ಸ್‌ಗಳನ್ನು ಮೈಸೂರಿನಲ್ಲೇ ಫಂಗಸ್ ತೆಗೆದು ಉಳಿಸಿಕೊಟ್ಟವರು ಇದ್ದಾರೆ.

---

ಕೆರೆದಂಡೆ, ಮೈಸೂರು

ಹೊಸ ಸುದ್ದಿ. ಬೇರೆ ತಂತ್ರಜ್ಞರ ಹತ್ತಿರ ಬಿಚ್ಚಿಸಿದೆ, ನನ್ನ ಎದುರಿಗೇ. ಹಿಂದಿನ ಕವರ್‌ನ ಮೇಲಿನ ಅಂಚಿನಲ್ಲಿ ಪಟ್ಟಿ ಇಲ್ಲವೇ ಇಲ್ಲ. ಹಳೇ ಅಂಟಿನ ಗುರುತು ಇದೆ, ಪಟ್ಟಿ ಇಲ್ಲ. ಪಕ್ಕದಲ್ಲಿ ಇದ್ದದ್ದು ಮಡಚಿಕೊಂಡು ತೋಡಿನಿಂದ ಹೊರಗೆ ಬಂದಿದೆ. ತುಕ್ಕು ಅದೇ ಅಂಚಿನ ಕೆಳಗೆ, ಡಯಲ್‌ಗೆ ಹೋಗುವ ರಿಬ್ಬನ್ ಕನೆಕ್ಟರ್ ಮೇಲೆ ಹಸಿರಾಗಿ ಕೂತಿದೆ. ಮೌಂಟ್ ಹತ್ತಿರ, ಬ್ಯಾಟರಿ ಕೋಣೆಯಲ್ಲಿ ಒಂದು ಕಲೆಯೂ ಇಲ್ಲ. ಎಲ್ಲ ಫೋಟೋ ತೆಗೆದುಕೊಂಡಿದ್ದೇನೆ, ಅವರು ಒಂದು ಪುಟ ಬರೆದು ಸಹಿ ಹಾಕಿಕೊಟ್ಟರು. ಮುಖ್ಯ ಬೋರ್ಡ್ ಉಳಿಯುವ ಸಾಧ್ಯತೆ ಇದೆ, ಕನೆಕ್ಟರ್ ಬದಲಿಸಿ ನೋಡೋಣ ಅಂದಿದ್ದಾರೆ.

ಫೋಟೋಗಳ ಜೊತೆ ರಿಪೇರಿಯವರಿಗೆ ಇಮೇಲ್ ಬರೆದೆ. ಬಂದ ಉತ್ತರ: ಲೇಬರ್ ಚಾರ್ಜ್ ತೆಗೆದುಕೊಳ್ಳುವುದಿಲ್ಲ, ಬೋರ್ಡ್ ಬೆಲೆ ಮಾತ್ರ ನೀವು ಕೊಡಿ. ಒಪ್ಪಬೇಕಾ?

---

ಮದ್ದೂರು ಫ್ರೇಮ್, ಮಂಡ್ಯ

ಒಪ್ಪಬೇಡಿ. ಅವರು ಬಿಟ್ಟ ಪಟ್ಟಿಗೆ ನೀವು ಬೋರ್ಡ್ ದುಡ್ಡು ಕೊಡುವುದು ಯಾವ ನ್ಯಾಯ?

---

ಕರಿಕೋಟು, ಮೈಸೂರು

ದುಡುಕಬೇಡಿ. ಅವರು ಲೇಬರ್ ಬಿಡುತ್ತೇವೆ ಅಂದದ್ದು ಬರಹದಲ್ಲಿ ಇದೆ, ಒಳ್ಳೆಯದು. ಈಗ ಒಂದು ನೋಟಿಸ್ ಕಳಿಸಿ, ಸ್ಪೀಡ್ ಪೋಸ್ಟ್‌ನಲ್ಲಿ ಮತ್ತು ಇಮೇಲ್‌ನಲ್ಲಿ. ಏನು ಕೇಳುತ್ತಿದ್ದೀರಿ ಅನ್ನುವುದು ಖಚಿತವಾಗಿರಲಿ: ಮೊದಲ ರಿಪೇರಿಯ ಲೇಬರ್ ವಾಪಸ್, ಈಗ ಬೇರೆಯವರ ಹತ್ತಿರ ಮಾಡಿಸುವ ರಿಪೇರಿಯ ಖರ್ಚು. ಉತ್ತರಕ್ಕೆ ಒಂದು ಗಡುವು ಕೊಡಿ. ಹೊಸ ಬಾಡಿಯ ಬೆಲೆ, ಮಾನಸಿಕ ಹಿಂಸೆಗೆ ಲಕ್ಷಗಟ್ಟಲೆ ಅಂತ ಕೇಳಿದರೆ ನಿಮ್ಮ ಗಟ್ಟಿ ಕೇಸೇ ತೆಳುವಾಗುತ್ತೆ. ಆಯೋಗದವರು ನೋಡುವುದು ಕೊರತೆ ಏನು, ಅದರಿಂದ ಆದ ನಷ್ಟ ಎಷ್ಟು ಅನ್ನುವುದನ್ನು. ಮುಖ್ಯವಾಗಿ, ಬಿಚ್ಚಿದಾಗ ಸಿಕ್ಕ ಆ ಮಡಚಿದ ಪಟ್ಟಿ, ಹಳೇ ಕನೆಕ್ಟರ್ ಎಲ್ಲ ಒಂದು ಜಿಪ್ ಕವರ್‌ನಲ್ಲಿ ಹಾಕಿ ಇಟ್ಟುಕೊಳ್ಳಿ.

ಮದ್ದೂರು ಫ್ರೇಮ್ ಅವರಂಥ ವೃತ್ತಿಯವರಿಗೆ ಒಂದು ಎಚ್ಚರಿಕೆ. ವ್ಯಾಪಾರದ ಉದ್ದೇಶಕ್ಕೆ ಬಳಸುವವರು ಗ್ರಾಹಕರಲ್ಲ ಅಂತ ಎದುರು ಪಕ್ಷ ವಾದ ಮಾಡಬಹುದು. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡ ವಸ್ತುವಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ನಿಮ್ಮಂಥವರು ದೂರು ಹಾಕುವ ಮುಂಚೆ ಒಬ್ಬ ವಕೀಲರ ಹತ್ತಿರ ಕೂತು ಮಾತಾಡಿ.

---

ಕೆರೆದಂಡೆ, ಮೈಸೂರು

ನೋಟಿಸ್ ಹಾಗೇ ಬರೆಯುತ್ತೇನೆ. ಬೋರ್ಡ್ ಕೆಲಸ ಎರಡನೇ ತಂತ್ರಜ್ಞರ ಹತ್ತಿರವೇ ಮಾಡಿಸುತ್ತೇನೆ. ಹಿಂದಿನ ಕವರ್‌ಗೆ ಹೊಸ ಪಟ್ಟಿ ತರಿಸಲು ಹೇಳಿದ್ದೇನೆ, ಬಿಲ್‌ನಲ್ಲಿ ಅದಕ್ಕೆ ಬೇರೆ ಸಾಲು ಬರಬೇಕು ಅಂತಲೂ.

---

ಮದ್ದೂರು ಫ್ರೇಮ್, ಮಂಡ್ಯ

ಇದೆಲ್ಲ ಓದಿ ನನಗೆ ನನ್ನ ಕ್ಯಾಮೆರಾದ್ದೇ ಯೋಚನೆ. ಹೋದ ವರ್ಷ ಶಟರ್ ಬದಲಿಸಿದ್ದಾರೆ, ಅಂದರೆ ಪೂರ್ತಿ ಬಿಚ್ಚಿದ್ದಾರೆ. ಆಷಾಢ ಮುಗಿದು ಶ್ರಾವಣ ಬಂದರೆ ಮದುವೆಗಳು ಶುರು, ಮಳೆಯೂ ಇರುತ್ತೆ. ಸೀಲ್ ಸರಿ ಇದೆಯಾ ಅಂತ ನೀರು ಚಿಮುಕಿಸಿ ನೋಡಲಾ?

---

ಬೆಸುಗೆ ಕಡ್ಡಿ, ಮೈಸೂರು

ಬೇಡವೇ ಬೇಡ. ಸೀಲ್ ಇಲ್ಲದಿದ್ದರೆ ಆ ಪರೀಕ್ಷೆಯೇ ಕ್ಯಾಮೆರಾ ಕೊಲ್ಲುತ್ತೆ, ಇದ್ದರೂ ಒಂದು ಹನಿ ಒಳಗೆ ಹೋಯಿತೋ ಇಲ್ಲವೋ ಹೊರಗಿನಿಂದ ಗೊತ್ತಾಗಲ್ಲ. ಟಾರ್ಚ್ ಹಿಡಿದು ಕವರ್ ಕೂಡುವ ಗೆರೆಗಳನ್ನು ನೋಡಿ. ಒಂದು ಕಡೆ ಗೆರೆ ಅಗಲ, ಇನ್ನೊಂದು ಕಡೆ ಕಿರಿದು ಇದ್ದರೆ ಕವರ್ ಸರಿಯಾಗಿ ಕೂತಿಲ್ಲ. ಗ್ರಿಪ್ ರಬ್ಬರ್ ಮೂಲೆಗಳನ್ನು ಉಗುರಿನಲ್ಲಿ ಮೆಲ್ಲಗೆ ಎತ್ತಿ ನೋಡಿ. ಬಾಗಿಲಿನ ರಬ್ಬರ್ ಮೇಲೆ ಬಿರುಕು, ಮರಳು ಇದೆಯಾ ನೋಡಿ. ಇವೆಲ್ಲ ಸರಿ ಇದ್ದರೂ ಒಳಗಿನ ಪಟ್ಟಿ ಇದೆ ಅಂತ ಅರ್ಥ ಅಲ್ಲ.

ಶಟರ್ ಬದಲಿಸಿದವರಿಗೆ ಫೋನ್ ಮಾಡಿ, ಯಾವ ಪಟ್ಟಿ ಹೊಸದಾಗಿ ಹಾಕಿದಿರಿ ಅಂತ ಕೇಳಿ, ಉತ್ತರ ವಾಟ್ಸಾಪ್‌ನಲ್ಲಿ ತೆಗೆದುಕೊಳ್ಳಿ. ಸರಿಯಾದ ಉತ್ತರ ಬರದಿದ್ದರೆ ಆಷಾಢದಲ್ಲಿ ನಿಮಗೆ ಹೇಗೂ ಕೆಲಸ ಕಡಿಮೆ, ಆಗಲೇ ಕೊಟ್ಟು ಪಟ್ಟಿಗಳನ್ನು ಹೊಸದಾಗಿ ಹಾಕಿಸಿ. ಪಾರ್ಟ್ ತರಿಸಲು ದಿನ ಹಿಡಿಯುತ್ತೆ, ಮದುವೆ ಹಿಂದಿನ ವಾರ ಬಂದರೆ ಯಾರೂ ಮಾಡಿಕೊಡಲ್ಲ. ಅಲ್ಲಿಯವರೆಗೆ ಅದು ಸೀಲ್ ಇಲ್ಲದ ಕ್ಯಾಮೆರಾ ಅಂತಲೇ ಇಟ್ಟುಕೊಳ್ಳಿ, ಸಣ್ಣ ಹನಿಗೂ ರೇನ್ ಕವರ್ ಹಾಕಿ.

---

ಮದ್ದೂರು ಫ್ರೇಮ್, ಮಂಡ್ಯ

ಇವತ್ತೇ ಫೋನ್ ಮಾಡುತ್ತೇನೆ ಅಣ್ಣ. ಪಟ್ಟಿ ಹಾಕಿಸುವಾಗ ಲೆನ್ಸ್ ಮೌಂಟ್ ಹತ್ತಿರದ್ದೂ ಕೇಳಬೇಕಾ?

---

ಬೆಸುಗೆ ಕಡ್ಡಿ, ಮೈಸೂರು

ಮೌಂಟ್‌ನ ರಬ್ಬರ್ ಉಂಗುರ ಸಾಮಾನ್ಯವಾಗಿ ಲೆನ್ಸ್ ಹಿಂಭಾಗದಲ್ಲಿ ಇರುತ್ತೆ, ಬಾಡಿಯಲ್ಲಿ ಅಲ್ಲ. ಲೆನ್ಸ್ ತೆಗೆದು ನೋಡಿ, ಹರಿದಿದ್ದರೆ ಅದನ್ನು ಬೇರೆಯಾಗಿ ತರಿಸಬೇಕು. ಬೇರೆ ಮೌಂಟ್‌ನ ಲೆನ್ಸ್ ಹಾಕಲು ಅಡಾಪ್ಟರ್ ಬಳಸುತ್ತಿದ್ದರೆ ಅದು ಬಾಡಿಗೆ ಕೂರುವ ಕಡೆ ರಬ್ಬರ್ ಇದೆಯಾ ನೋಡಿ, ಎಷ್ಟೋ ಅಗ್ಗದವುಗಳಲ್ಲಿ ಇರುವುದಿಲ್ಲ.